ಗಡಾಯಿಕಲ್ಲು ಹತ್ತುವಾಗ ಏನು ನೋಡಬೇಕು, ಹೇಗೆ ನೋಡಬೇಕು

ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲು ಕೋಟೆಗೆ ಹೋಗಿ ಬಂದವರಲ್ಲಿ ಹೇಗಿತ್ತು ಅಂತ ಕೇಳಿ ನೋಡಿ. "ವ್ಯೂ ಸೂಪರ್, ಆದ್ರೆ ಮೇಲೆ ಏನೂ ಇಲ್ಲ" ಅಂತಾರೆ. ನನಗೆ ಈ ಮಾತು ಕೇಳಿದಾಗೆಲ್ಲ ಬೇಜಾರಾಗುತ್ತದೆ. ಮೇಲೆ ಅರಮನೆ ಇಲ್ಲ, ನಿಜ. ಚಿತ್ರದುರ್ಗದ ಹಾಗೆ ಒಂದರ ಹಿಂದೊಂದು ಸುತ್ತುಗೋಟೆಯೂ ಇಲ್ಲ. ಆದರೆ ಈ ಕೋಟೆಯಲ್ಲಿ ನೋಡುವಂಥದ್ದು ಜಾಸ್ತಿ ಇರುವುದು ದಾರಿಯಲ್ಲೇ. ಏದುಸಿರು ಬಿಡುತ್ತಾ, ತುದಿ ಯಾವಾಗ ಬರುತ್ತದೋ ಅಂತ ಹತ್ತಿದವರು ಅದರ ಮೇಲೆಯೇ ಕಾಲಿಟ್ಟು ದಾಟಿ ಹೋಗಿರುತ್ತಾರೆ.

ಮಂಗಳೂರು, ಉಡುಪಿ ಕಡೆಯಿಂದ ಒಂದೇ ದಿನದಲ್ಲಿ ಹೋಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೋಗುವ ದಾರಿ, ಸಮಯ, ಚೀಲದಲ್ಲಿ ಏನಿರಬೇಕು ಅನ್ನುವುದೂ ಇದೆ. ಕಲ್ಲನ್ನು ಹೇಗೆ ನೋಡಬೇಕು ಅನ್ನುವುದು ಅದಕ್ಕಿಂತ ಹೆಚ್ಚಿದೆ.

ಸ್ವಲ್ಪ ಹಿನ್ನೆಲೆ

ಬೆಳ್ತಂಗಡಿ ತಾಲೂಕಿನ ನಡ ಗ್ರಾಮದ ಹತ್ತಿರ ಒಂಟಿಯಾಗಿ ಎದ್ದು ನಿಂತ ದೊಡ್ಡ ಗ್ರಾನೈಟ್ ಬಂಡೆ ಇದು. ಎತ್ತರ ಸುಮಾರು 1,700 ಅಡಿ. ಊರಿನವರ ಬಾಯಲ್ಲಿ ಗಡಾಯಿಕಲ್ಲು, ಇತಿಹಾಸದವರ ಬಾಯಲ್ಲಿ ಜಮಾಲಾಬಾದ್ ಕೋಟೆ. ನರಸಿಂಹಗಡ ಅಂತಲೂ ಕರೆಯುತ್ತಾರೆ. ಈಗ ಕಾಣುವ ಕೋಟೆಯನ್ನು ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ. ತಾಯಿಯ ನೆನಪಿಗೆ ಜಮಾಲಾಬಾದ್ ಅಂತ ಹೆಸರಿಟ್ಟ ಎಂದು ಊರಿನವರು ಹೇಳುತ್ತಾರೆ. ಅದಕ್ಕೂ ಮುಂಚೆ ಇಲ್ಲಿ ಹಳೆಯ ಕೋಟೆಯೊಂದು ಇತ್ತು ಎಂಬ ಮಾತೂ ಉಂಟು. ಬಂಗ ಅರಸರ ನೆಲೆಯಾಗಿದ್ದ ಬಂಗಾಡಿ ಇಲ್ಲಿಗೆ ಹತ್ತಿರವೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಮೇಲೆ ಈ ಕೋಟೆಯೂ ಇಂಗ್ಲಿಷರ ಕೈಸೇರಿತು. ಆದರೆ ಅವರಿಗೆ ನೆಮ್ಮದಿ ಸಿಗಲಿಲ್ಲ. ತಿಮ್ಮ ನಾಯಕ ಎಂಬವನು ಅವರ ಮೇಲೆ ಎದ್ದು ಕೋಟೆಯನ್ನು ಹಿಡಿದುಕೊಂಡ. ಅದನ್ನು ಮತ್ತೆ ಪಡೆಯಲು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸುಮಾರು ಮೂರು ತಿಂಗಳು ಕೆಳಗೆ ಕಾದು ಕೂರಬೇಕಾಯಿತು. ಮೂರು ತಿಂಗಳು ಅನ್ನುವುದು ನೆನಪಿರಲಿ. ಮೇಲೆ ಹತ್ತಿ ಕೆರೆಯ ಹತ್ತಿರ ನಿಂತಾಗ ಅದು ಬೇಕಾಗುತ್ತದೆ.

ಮೊದಲು ಸುಲ್ತಾನ್ ಬತ್ತೇರಿಗೆ ಹೋಗಿ

ಇದು ನನ್ನ ಒತ್ತಾಯ ಅಂತಲೇ ಇಟ್ಟುಕೊಳ್ಳಿ. ಗಡಾಯಿಕಲ್ಲಿಗೆ ಹೋಗುವ ಮುಂಚಿನ ವಾರ ಒಂದು ಸಂಜೆ ಮಂಗಳೂರಿನ ಬೋಳೂರಿಗೆ ಹೋಗಿ ಸುಲ್ತಾನ್ ಬತ್ತೇರಿ ನೋಡಿ ಬನ್ನಿ. ತಣ್ಣೀರುಬಾವಿಗೆ ದೋಣಿ ಹತ್ತಲು ಎಷ್ಟೋ ಸಲ ಅಲ್ಲಿಗೆ ಹೋಗಿರುತ್ತೀರಿ. ಬತ್ತೇರಿಯ ಒಳಗೆ ಹತ್ತು ನಿಮಿಷ ನಿಂತವರು ಕಡಿಮೆ.

ಇದು 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು. ಗುರುಪುರ ಹೊಳೆಯೊಳಗೆ ಶತ್ರುಗಳ ಹಡಗು ನುಗ್ಗದ ಹಾಗೆ ತಡೆಯುವುದು ಇದರ ಕೆಲಸ. ಕಟ್ಟಿದ್ದು ಕಪ್ಪು ಕಲ್ಲಿನಲ್ಲಿ. ಮೇಲೆ ಹತ್ತಿದರೆ ಗೋಡೆಯ ಸುತ್ತ ತೋಪು (ಫಿರಂಗಿ) ಇಡುವ ಕಿಂಡಿಗಳಿವೆ. ಕೆಳಗೆ ಮದ್ದು ತುಂಬಿಡುವ ಕೋಣೆ.

ಒಂದು ಕಿಂಡಿಯ ಹತ್ತಿರ ನಿಂತು ನೋಡಿ. ಒಳಗಿನ ಅಗಲ, ಹೊರಗಿನ ಅಗಲ ಬೇರೆ ಬೇರೆ. ತೋಪನ್ನು ಆಚೀಚೆ ತಿರುಗಿಸಲು ಜಾಗ ಬೇಕು, ಹೊರಗಿಂದ ಬರುವ ಗುಂಡಿಗೆ ಮಾತ್ರ ಜಾಗ ಸಿಗಬಾರದು. ಆ ಕಿಂಡಿಯಿಂದ ಎಷ್ಟು ಹೊಳೆ ಕಾಣುತ್ತದೆ, ಪಕ್ಕದ ಕಿಂಡಿಯಿಂದ ಎಷ್ಟು ಕಾಣುತ್ತದೆ ಅಂತ ಹೋಲಿಸಿ. ಎರಡೂ ಸೇರಿ ಹೊಳೆಯನ್ನು ಹೇಗೆ ಮುಚ್ಚುತ್ತವೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಇದನ್ನು ಒಂದು ಸಲ ಕಣ್ಣಾರೆ ನೋಡಿದರೆ ಗಡಾಯಿಕಲ್ಲಿನ ಮುರಿದ ಗೋಡೆಯಲ್ಲಿ ಅರ್ಧ ಉಳಿದ ಕಿಂಡಿಯನ್ನೂ ನೀವು ಗುರುತಿಸುತ್ತೀರಿ. ಕಟ್ಟಿಸಿದವನು ಒಬ್ಬನೇ, ನಡುವೆ ಇರುವುದು ಹತ್ತೇ ವರ್ಷ. ಒಂದು ಹೊಳೆ ಕಾಯುವ ಕಟ್ಟಡ, ಇನ್ನೊಂದು ಬೆಟ್ಟದ ಮೇಲೆ ಕೂತು ಕಾಯುವ ಕೋಟೆ. ಎರಡನ್ನೂ ಜೊತೆಗಿಟ್ಟು ನೋಡುವ ಅವಕಾಶ ನಮ್ಮ ಜಿಲ್ಲೆಯಲ್ಲೇ ಇದೆ.

ಯಾವಾಗ, ಯಾರ ಅನುಮತಿ

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆ ನಿಂತಿರುತ್ತದೆ, ಮೆಟ್ಟಿಲು ಒಣಗಿರುತ್ತದೆ, ಬೆಳಗ್ಗೆ ತಂಪು.

ಮಳೆಗಾಲದಲ್ಲಿ ಹೋಗಲೇಬೇಡಿ. ಪಾಚಿ ಕಟ್ಟಿದ ಗ್ರಾನೈಟ್ ಮೆಟ್ಟಿಲಿನಲ್ಲಿ ಕಾಲು ನಿಲ್ಲುವುದಿಲ್ಲ. ಅರಣ್ಯ ಇಲಾಖೆಯೂ ಮಳೆಗಾಲದಲ್ಲಿ ಪ್ರವೇಶ ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳುವ ಭಯ ಇದ್ದಾಗಲೂ ಚಾರಣ ಬಂದ್ ಮಾಡುವುದುಂಟು. ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ ಇನ್ನೊಂದು ಅಪಾಯ ಇದೆ, ಸಿಡಿಲು. ಘಟ್ಟದ ಬುಡದಲ್ಲಿ ಮಧ್ಯಾಹ್ನದ ನಂತರ ಮೋಡ ಕಟ್ಟಿ ಗುಡುಗು ಶುರುವಾಗುವುದು ನಮಗೆಲ್ಲ ಗೊತ್ತಿದ್ದದ್ದೇ. ಆ ಹೊತ್ತಿಗೆ ಬೋಳು ಬಂಡೆಯ ತುದಿಯಲ್ಲಿ ನೀವು ಇರಬಾರದು. ದೂರದಲ್ಲಿ ಗುಡುಗು ಕೇಳಿದರೂ ಸಾಕು, ಇಳಿಯಲು ಶುರು ಮಾಡಿ.

ಜಾಗ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದ್ದು. ಪ್ರವೇಶಕ್ಕೆ ಶುಲ್ಕ ಇದೆ. ರಾಜ್ಯದ ಚಾರಣಗಳಿಗೆ ಟಿಕೆಟ್ ಮಾಡಲು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣ ಇದೆ. ಹೊರಡುವ ಮುಂಚೆ ಅಲ್ಲಿ ನೋಡಿ, ಅಥವಾ ಬೆಳ್ತಂಗಡಿಯ ವನ್ಯಜೀವಿ ವಲಯ ಕಚೇರಿಯಲ್ಲಿ ವಿಚಾರಿಸಿ. ದರವೂ ಸಮಯವೂ ಆಗಾಗ ಬದಲಾಗುವುದರಿಂದ ನಾನು ಇಲ್ಲಿ ಬರೆಯುವುದಿಲ್ಲ. ಗುರುತಿನ ಚೀಟಿ ಜೊತೆಗಿರಲಿ. ಗೇಟಿನಲ್ಲಿ ಪ್ಲಾಸ್ಟಿಕ್ ಬಗ್ಗೆ ಕೇಳಿದರೆ ಸಿಟ್ಟು ಮಾಡಬೇಡಿ, ಅದು ಅವರ ಕೆಲಸ. ಸಿಗರೇಟು, ಬೆಂಕಿಪೊಟ್ಟಣ ಮನೆಯಲ್ಲೇ ಇರಲಿ.

ದಾರಿ

ಮಂಗಳೂರಿನಿಂದ ಬಿ.ಸಿ. ರೋಡ್, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಬೆಳ್ತಂಗಡಿ. ಸುಮಾರು 60 ಕಿ.ಮೀ. ಧರ್ಮಸ್ಥಳಕ್ಕೆ ಹೋಗುವ ಬಸ್ಸುಗಳು ಇದೇ ದಾರಿಯಲ್ಲಿ ಹೋಗುತ್ತವೆ. ಉಡುಪಿಯವರು ಕಾರ್ಕಳ, ಬಜಗೋಳಿ, ನಾರಾವಿ, ಅಳದಂಗಡಿ ಮೂಲಕ ಗುರುವಾಯನಕೆರೆಗೆ ಬಂದು ಸೇರಬಹುದು.

ಬೆಳ್ತಂಗಡಿಯಿಂದ ಕಿಲ್ಲೂರು ರಸ್ತೆ ಹಿಡಿದು ಲಾಯಿಲ ದಾಟಿ ಮಂಜೊಟ್ಟಿ ಕಡೆಗೆ ಎಂಟು ಕಿ.ಮೀ. ಆಸುಪಾಸು. ಬೆಳ್ತಂಗಡಿಯಲ್ಲಿ ರಿಕ್ಷಾ ಸಿಗುತ್ತದೆ. ವಾಪಸ್ ಬರಲು ಯಾವ ಹೊತ್ತಿಗೆ ಬರಬೇಕು ಅಂತ ರಿಕ್ಷಾದವರಲ್ಲಿ ಮೊದಲೇ ಮಾತಾಡಿಕೊಳ್ಳಿ. ಅವರ ಹತ್ತಿರ ತುಳುವಿನಲ್ಲಿ ನಾಲ್ಕು ಮಾತಾಡಿದರೆ ಕೋಟೆಯ ಕಥೆಗಳೂ ಬರುತ್ತವೆ. ಬೇಡದವರನ್ನು ಮೇಲಿಂದ ತಳ್ಳುತ್ತಿದ್ದರು ಅನ್ನುವ ಕಥೆ ಹೆಚ್ಚಾಗಿ ಬರುತ್ತದೆ. ಕೇಳಿಸಿಕೊಳ್ಳಿ. ಊರಿನ ಕಥೆಗೂ ಒಂದು ಬೆಲೆ ಇದೆ. ಕಲ್ಲಿನಲ್ಲಿ ಕಾಣುವ ಸಾಕ್ಷಿಯನ್ನು ಮಾತ್ರ ಅದರ ಜೊತೆ ಕಲಸಬೇಡಿ.

ರಸ್ತೆಯಲ್ಲಿ ಬಂಡೆ ಮೊದಲು ಕಂಡ ಕೂಡಲೇ ಗಾಡಿ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಆಮೇಲೆ ಹತ್ತಿರ ಹೋದಷ್ಟೂ ಇಡೀ ಆಕಾರ ಕಾಣುವುದಿಲ್ಲ. ಎಲ್ಲ ಕಡೆ ಗೋಡೆಯಂತೆ ನೆಟ್ಟಗೆ ಇಳಿದ ಬಂಡೆ. ಇದನ್ನೇ ಯಾಕೆ ಕೋಟೆಗೆ ಆರಿಸಿದರು ಅನ್ನುವುದಕ್ಕೆ ಆ ಫೋಟೋವೇ ಉತ್ತರ. ಇಲ್ಲಿ ಸುತ್ತುಗೋಡೆಯ ಕೆಲಸವನ್ನು ಬಂಡೆಯೇ ಮಾಡಿದೆ. ಮನುಷ್ಯರಿಗೆ ಉಳಿದದ್ದು ಒಂದು ದಾರಿ ಕಡಿಯುವುದು, ಆ ದಾರಿಯನ್ನು ಕಾಯುವುದು.

ಚೀಲದಲ್ಲಿ

ತಲೆಗೆ ಕಮ್ಮಿ ಅಂದರೂ ಎರಡೂವರೆ ಲೀಟರ್ ನೀರು. ಮೇಲೆ ಅಂಗಡಿ ಇಲ್ಲ, ಕೆರೆಯ ನೀರು ಕುಡಿಯುವಂಥದ್ದಲ್ಲ. ಅವಲಕ್ಕಿ, ಬಾಳೆಹಣ್ಣು, ಬನ್ಸ್ ಏನಾದರೂ ಇರಲಿ. ಹೊಟ್ಟೆಗೆ ಹಗುರವಾದದ್ದೇ ಒಳ್ಳೆಯದು. ಅಡಿಭಾಗ ಒರಟಾಗಿರುವ ಶೂ, ಟೊಪ್ಪಿ, ಒಂದು ಬೈರಾಸು (ಟವೆಲ್). ಸೆಂಟು ಹಾಕಿಕೊಂಡು ಬರಬೇಡಿ. ಇಂಥ ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟುವುದುಂಟು. ಜೇನು ಕಂಡರೆ ಗಲಾಟೆ ಮಾಡದೆ, ಕಲ್ಲೆಸೆಯದೆ ದಾಟಿ ಹೋಗಿ.

ನೋಡುವ ಕೆಲಸಕ್ಕೆ ಒಂದು ಸಣ್ಣ ನೋಟ್ ಪುಸ್ತಕ, ಪೆನ್ಸಿಲ್, ಹೊಲಿಗೆಯವರ ಅಳತೆ ಟೇಪು. ಟೇಪು ಇಲ್ಲದಿದ್ದರೆ ಹತ್ತು ರೂಪಾಯಿಯ ನಾಣ್ಯ ಸಾಕು. ಕಲ್ಲಿನ ಫೋಟೋ ತೆಗೆಯುವಾಗ ಅದನ್ನು ಪಕ್ಕದಲ್ಲಿಡಿ. ಅಳತೆ ಗೊತ್ತಾಗದ ಫೋಟೋ ಆಮೇಲೆ ನಿಮಗೇ ಉಪಯೋಗಕ್ಕೆ ಬರುವುದಿಲ್ಲ.

ಮೆಟ್ಟಿಲು

ಬೆಳಗ್ಗೆ ಗೇಟು ತೆಗೆದ ಕೂಡಲೇ ಹತ್ತಲು ಶುರು ಮಾಡಿ. ಕೆಳಗಿನ ಭಾಗ ಕಾಡಿನ ನೆರಳಿನಲ್ಲಿ ಇದೆ. ಮೇಲೆ ಹೋದ ಹಾಗೆ ಬಂಡೆ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಆ ಬಿಸಿಲಿನ ಭಾಗವನ್ನು ಹತ್ತು ಗಂಟೆಯ ಒಳಗೆ ದಾಟಿದರೆ ಸುಖ. ಸಾಧಾರಣ ಕಾಲಿನವರಿಗೆ ಹತ್ತಲು ಒಂದೂವರೆಯಿಂದ ಎರಡು ಗಂಟೆ. ನಾನು ಹೇಳುವ ಹಾಗೆ ನಿಂತು ನಿಂತು ನೋಡುತ್ತಾ ಹೋದರೆ ಇನ್ನೂ ಒಂದು ಗಂಟೆ ಸೇರಿಸಿಕೊಳ್ಳಿ.

ಮೆಟ್ಟಿಲು 1,876 ಅಂತ ಸಾಮಾನ್ಯವಾಗಿ ಹೇಳುವ ಲೆಕ್ಕ. ನೀವು ಎಣಿಸಬೇಕಾಗಿಲ್ಲ, ಅವುಗಳನ್ನು ನೋಡಿದರೆ ಸಾಕು. ಕೋಟೆ ಕಟ್ಟಿದ ಕಾಲದಲ್ಲೇ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳಿವು. ಅಂದರೆ ಇನ್ನೂರು ವರ್ಷಕ್ಕೂ ಹಿಂದೆ ಕಲ್ಲುಕುಟಿಗರು ಉಳಿ, ಸುತ್ತಿಗೆ ಹಿಡಿದು ಮಾಡಿದ ಕೆಲಸ ನಿಮ್ಮ ಕಾಲಡಿಯಲ್ಲಿದೆ. ಕೋಟೆ ಕಟ್ಟಿಸಿದವನ ಹೆಸರು ಎಲ್ಲರಿಗೂ ಗೊತ್ತು. ಇವರ ಹೆಸರು ಎಲ್ಲೂ ಸಿಗುವುದಿಲ್ಲ. ಸಿಗುವುದು ಅವರ ಉಳಿಯ ಗುರುತು ಮಾತ್ರ.

ಅದನ್ನು ನೋಡಲು ಬೆಳಗ್ಗಿನ ಓರೆ ಬಿಸಿಲು ಬೇಕು. ನಡು ಮಧ್ಯಾಹ್ನ ಬೆಳಕು ನೇರ ಮೇಲಿಂದ ಬೀಳುತ್ತದೆ, ಕಲ್ಲೆಲ್ಲ ಒಂದೇ ಸಮ ಕಾಣುತ್ತದೆ. ಬೆಳಕು ಪಕ್ಕದಿಂದ ಬಿದ್ದಾಗ ಸಣ್ಣ ತಗ್ಗಿಗೂ ನೆರಳು ಇರುತ್ತದೆ. ನೆರಳಿನ ಜಾಗದಲ್ಲಿ ಮೊಬೈಲ್ ಟಾರ್ಚನ್ನು ಕಲ್ಲಿಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಸುಮ್ನೆ ಒರಟು ಅಂತ ಕಂಡ ಜಾಗದಲ್ಲಿ ಸಾಲು ಸಾಲು ಉಳಿ ಏಟು ಎದ್ದು ಬರುತ್ತದೆ.

ಮೆಟ್ಟಿಲಿನ ಬಗ್ಗೆ ನಾನು ಸಾಮಾನ್ಯವಾಗಿ ನೋಡುವ ವಿಷಯಗಳು ಇವು. ಮೆಟ್ಟಿಲು ಬಂಡೆಯಲ್ಲೇ ಕಡಿದದ್ದೋ, ಬೇರೆ ಕಲ್ಲು ತಂದು ಕೂರಿಸಿದ್ದೋ? ಕೂರಿಸಿದ್ದಾದರೆ ಸುತ್ತ ಸಂದು ಕಾಣುತ್ತದೆ, ಕಡಿದದ್ದಾದರೆ ಬಂಡೆಯ ಬಣ್ಣ, ಗೆರೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹರಿದು ಹೋಗಿರುತ್ತದೆ. ನಡುಭಾಗ ಎಷ್ಟು ಸವೆದಿದೆ? ಅಂಚು ಇನ್ನೂ ಚೂಪಾಗಿ ಇದೆಯೋ? ಎತ್ತರ ಒಂದೇ ಸಮ ಇದೆಯೋ? ಟೇಪು ಹಿಡಿದು ಕೆಳಗಿನ ಹತ್ತು, ಮೇಲಿನ ಹತ್ತು ಮೆಟ್ಟಿಲು ಅಳೆದು ಬರೆದುಕೊಳ್ಳಿ. ಮಕ್ಕಳು ಜೊತೆಗಿದ್ದರೆ ಈ ಕೆಲಸ ಅವರಿಗೇ ಕೊಡಿ, ಕಾಲು ನೋವು ಮರೆತು ಹತ್ತುತ್ತಾರೆ.

ಇನ್ನೊಂದು ಗುರುತು ಹುಡುಕಿ ನೋಡಿ. ಹಿಂದಿನವರು ಬಂಡೆಯನ್ನು ಸೀಳಲು ಒಂದು ಗೆರೆಯಲ್ಲಿ ಸಣ್ಣ ಸಣ್ಣ ಗುಳಿ ಕಡಿಯುತ್ತಿದ್ದರು. ಆ ಗುಳಿಗಳಿಗೆ ಬೆಣೆ ಹಾಕಿ ಬಡಿದರೆ ಕಲ್ಲು ಗೆರೆಯುದ್ದಕ್ಕೂ ಬಿರಿಯುತ್ತದೆ. ಸೀಳಿದ ಮೇಲೆ ಅರ್ಧ ಗುಳಿ ಈಚೆ ಕಲ್ಲಿನಲ್ಲಿ, ಅರ್ಧ ಆಚೆ ಕಲ್ಲಿನಲ್ಲಿ ಉಳಿಯುತ್ತದೆ. ಬಂಡೆಯ ಅಂಚಿನಲ್ಲಿ ಹಲ್ಲಿನ ಸಾಲಿನಂತೆ ಕಂಡರೆ ಅದೇ. ಗುಳಿ ಗಿಡ್ಡ, ಚೌಕ ಇದ್ದರೆ ಕೈ ಉಳಿಯ ಕೆಲಸ. ಉದ್ದಕ್ಕೆ ನುಣ್ಣಗೆ ಕೊಳವೆಯ ಹಾಗೆ ಇಳಿದಿದ್ದರೆ ಅದು ಈಚಿನ ಮಿಷನ್ ಡ್ರಿಲ್. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಕರಾವಳಿಯ ಯಾವ ಹಳೇ ಕಲ್ಲುಕೋರೆಗೆ ಹೋದರೂ ನಿಮಗೆ ಉಪಯೋಗಕ್ಕೆ ಬರುತ್ತದೆ.

ದಾರಿಯ ಅಗಲವನ್ನೂ ಗಮನಿಸಿ. ಇಬ್ಬರು ಎದುರಾದರೆ ಒಬ್ಬರು ಬದಿಗೆ ನಿಲ್ಲಬೇಕಾದ ಜಾಗಗಳಲ್ಲಿ ನಿಂತು ಮೇಲೆ ನೋಡಿ. ಮೇಲಿರುವವನಿಗೆ ನೀವು ಎಷ್ಟು ಹೊತ್ತು ಕಾಣುತ್ತೀರಿ? ನಿಮಗೆ ಅವನು ಕಾಣುತ್ತಾನಾ? ಹತ್ತುವವರು ಗುಂಪಾಗಿ ನುಗ್ಗಲು ಆಗುವುದಿಲ್ಲ, ಒಬ್ಬರ ಹಿಂದೆ ಒಬ್ಬರು ಬರಬೇಕು. ಮೇಲೆ ಹತ್ತು ಜನ ಇದ್ದರೂ ಸಾಕು. ಕೋಟೆಯ ಬಲ ಏನು ಅನ್ನುವುದು ಪುಸ್ತಕದಲ್ಲಿ ಓದುವುದಕ್ಕಿಂತ ಇಲ್ಲಿ ನಿಂತರೆ ಮೈಗೇ ಗೊತ್ತಾಗುತ್ತದೆ.

ಗೋಡೆಗಳು

ಮೇಲಕ್ಕೆ ಹೋದ ಹಾಗೆ ಕೋಟೆ ಗೋಡೆಯ ಅವಶೇಷ ಸಿಗುತ್ತದೆ. ತೋಪು ಕೂರಿಸುವ ಜಾಗಗಳೂ ಗುರುತಿಸಲು ಸಿಗುತ್ತವೆ. ಬತ್ತೇರಿಯಲ್ಲಿ ನೋಡಿದ್ದನ್ನು ನೆನಪು ಮಾಡಿಕೊಂಡು ಇಲ್ಲಿಯ ಕಿಂಡಿ ಯಾವ ಕಡೆಗೆ ಮುಖ ಮಾಡಿದೆ ನೋಡಿ. ದಾರಿಯ ಕಡೆಗಾ, ಕಣಿವೆಯ ಕಡೆಗಾ? ಕಾಗದದಲ್ಲಿ ಒಂದು ಬಾಣ ಹಾಕಿ ಬರೆದುಕೊಳ್ಳಿ. ನಾಲ್ಕೈದು ಬಾಣ ಆದಾಗ ಕಟ್ಟಿದವರಿಗೆ ಯಾವ ದಿಕ್ಕಿನ ಭಯ ಇತ್ತು ಅನ್ನುವುದು ತಾನಾಗಿ ಕಾಣುತ್ತದೆ.

ಗೋಡೆಯ ಮೇಲೆ ಹತ್ತಬೇಡಿ. ಗಾರೆ ಸಡಿಲಾದ ಗೋಡೆಯಲ್ಲಿ ಒಂದು ಕಲ್ಲು ಜಾರಿದರೆ ಅದರ ಜೊತೆ ಇನ್ನೂ ನಾಲ್ಕು ಬರುತ್ತವೆ, ಆಚೆ ಬದಿ ಪ್ರಪಾತ.

ಕೆರೆಯ ಹತ್ತಿರ ಅರ್ಧ ಗಂಟೆ ಕೂರಿ

ತುದಿಗೆ ಹೋದವರು ಮೊದಲು ಓಡುವುದು ಅಂಚಿಗೆ, ಫೋಟೋ ತೆಗೆಯಲು. ಒಂದು ಕಡೆ ಕುದುರೆಮುಖ ಸಾಲು, ಕೆಳಗೆ ಅಡಿಕೆ ತೋಟ, ಗದ್ದೆ. ನೋಡಲೇಬೇಕಾದದ್ದು, ಅದರಲ್ಲಿ ಎರಡು ಮಾತಿಲ್ಲ. ಅಂಚಿನಿಂದ ನಾಲ್ಕು ಮಾರು ಹಿಂದೆ ನಿಂತೇ ನೋಡಿ. ಅದಾದ ಮೇಲೆ ಕೆರೆಯ ಹತ್ತಿರ ಬನ್ನಿ. ನನ್ನ ಲೆಕ್ಕದಲ್ಲಿ ಈ ಕೋಟೆಯ ಮುಖ್ಯ ಕಟ್ಟಡ ಅಂದರೆ ಮಳೆನೀರು ಹಿಡಿದಿಡುವ ಈ ಕೆರೆಯೇ.

ಬಂಡೆಯ ತುದಿಯಲ್ಲಿ ಬಾವಿ ತೋಡಲು ಆಗುವುದಿಲ್ಲ. ಕೆಳಗಿನಿಂದ ನೀರು ಹೊತ್ತು ತರುವುದು ಯುದ್ಧದ ಹೊತ್ತಿನಲ್ಲಿ ಆಗದ ಮಾತು. ಹಾಗಾಗಿ ಮಳೆಯನ್ನೇ ನಂಬಬೇಕು. ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಘಟ್ಟದ ಬುಡದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಬಂಡೆಯ ಇಳಿಜಾರು ಅಂದರೆ ನೂರು ಚದರ ಮೀಟರ್. ಅಷ್ಟರ ಮೇಲೆ ಬೀಳುವ ನೀರು ವರ್ಷಕ್ಕೆ ನಾಲ್ಕು ಲಕ್ಷ ಲೀಟರ್. ಮಣ್ಣಿನ ನೆಲ ಆಗಿದ್ದರೆ ಅರ್ಧಕ್ಕರ್ಧ ಇಂಗಿ ಹೋಗುತ್ತಿತ್ತು. ಬಂಡೆಯ ಮೇಲೆ ಬಿದ್ದದ್ದು ಹೆಚ್ಚಿನ ಪಾಲು ಹರಿದೇ ಬರುತ್ತದೆ.

ಇನ್ನು ಖರ್ಚು ನೋಡಿ. ನೂರು ಜನ ಇದ್ದಾರೆ ಅಂತ ಇಟ್ಟುಕೊಳ್ಳೋಣ. ಕುಡಿಯಲು, ಗಂಜಿ ಬೇಯಿಸಲು ತಲೆಗೆ ದಿನಕ್ಕೆ ಐದು ಲೀಟರ್. ಅಕ್ಟೋಬರಿನಿಂದ ಮೇ ಕೊನೆಯವರೆಗೆ ಎಂಟು ತಿಂಗಳಿಗೆ ಬೇಕಾಗುವುದು ಸುಮಾರು 1,20,000 ಲೀಟರ್. ಬಿಸಿಲಿಗೆ ಆರಿ ಹೋಗುವುದು, ಸೋರಿ ಹೋಗುವುದು ಎಲ್ಲ ಕಳೆದರೂ ಮಳೆ ಸಾಲದೆ ಹೋಗುವುದಿಲ್ಲ. ಕೊರತೆ ಬಂದರೆ ಅದು ಮಳೆಯದಲ್ಲ, ಹಿಡಿದಿಡುವ ಪಾತ್ರೆಯದು. ಈಗ ನೀವೇ ಕೆರೆಯ ಉದ್ದ, ಅಗಲ ಹೆಜ್ಜೆಯಲ್ಲಿ ಅಳೆಯಿರಿ. ಒಳಗೆ ಇಳಿಯಬೇಡಿ. ನೀರು ಯಾವ ಕಡೆಯಿಂದ ಬಂದು ಬೀಳುತ್ತದೆ, ಬಂಡೆಯ ಇಳಿಜಾರು ಎತ್ತ ಇದೆ, ಹೆಚ್ಚಾದ ನೀರು ಎಲ್ಲಿಂದ ಹೊರಗೆ ಹೋಗುತ್ತದೆ ಅಂತ ಸುತ್ತ ನಡೆದು ಹುಡುಕಿ.

ತಿಮ್ಮ ನಾಯಕನ ಮೂರು ತಿಂಗಳನ್ನು ಇಲ್ಲಿ ನೆನಪು ಮಾಡಿಕೊಳ್ಳಿ. ಕೆರೆಯಲ್ಲಿ ನೀರು ಹಿಡಿದಿಡಬಹುದು, ಅಕ್ಕಿ ಹಾಗೆ ಮೇಲಿಂದ ಬೀಳುವುದಿಲ್ಲ. ಅದು ಕೆಳಗಿನಿಂದಲೇ ಬರಬೇಕು, ಅದೂ ನೀವು ಈಗ ಹತ್ತಿ ಬಂದ ಅದೇ ದಾರಿಯಲ್ಲಿ. 1801ರಲ್ಲಿ ಕಂಪನಿಯ ಪರವಾಗಿ ಈ ಕಡೆ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಇದನ್ನೇ ಗಮನಿಸಿದ್ದ. ಹತ್ತಲು ಒಂದೇ ಇಕ್ಕಟ್ಟು ದಾರಿ ಇರುವ ಕೋಟೆಯಿಂದ ಶತ್ರುವಿನ ಎದುರು ಇಳಿಯುವುದೂ ಅಷ್ಟೇ ಕಷ್ಟ. ಹಾಗಾಗಿ ಕೆಳಗೆ ಸಣ್ಣ ಪಡೆ ಕೂತರೂ ಮೇಲಿನ ದೊಡ್ಡ ಪಡೆಯನ್ನು ಕಟ್ಟಿಹಾಕಬಹುದು. ಕೋಟೆಯನ್ನು ಕಾಪಾಡಿದ ದಾರಿಯೇ ಅದನ್ನು ಸೋಲಿಸಲೂ ಸಾಕಾಯಿತು. ಮೆಟ್ಟಿಲನ್ನೂ ಕೆರೆಯನ್ನೂ ಜೊತೆಗಿಟ್ಟು ನೋಡಿದವರಿಗೆ ಇದು ಅರ್ಥವಾಗುತ್ತದೆ. "ಮೇಲೆ ಏನೂ ಇಲ್ಲ" ಅನ್ನುವವರಿಗೆ ನಾನು ಕೊಡುವ ಉತ್ತರವೂ ಇದೇ.

ಯಾವುದು ಹಳೇದು, ಯಾವುದು ಈಚಿನದು

ಮೇಲೆ ಒಂದು ತೋಪಿನ ಅವಶೇಷ ಇದೆ. ಒಂದು ಪಾಳು ಕಟ್ಟಡವೂ ಇದೆ. ಅದನ್ನು ನೋಡಿ "ಟಿಪ್ಪುವಿನ ಮನೆ" ಅಂತ ಫೋಟೋ ಹಾಕುವವರಿದ್ದಾರೆ. ಅಲ್ಲ, ಅದು ಮೈಕ್ರೋವೇವ್ ಸಂಪರ್ಕ ಕೇಂದ್ರ ಇದ್ದ ಕಟ್ಟಡ. ಪಾಳು ಬಿದ್ದದ್ದೆಲ್ಲ ಪುರಾತನ ಅಲ್ಲ. ವಯಸ್ಸು ಊಹಿಸಲು ಕೆಲವು ಸುಲಭದ ಗುರುತುಗಳಿವೆ.

ಕಲ್ಲಿನ ಸಂದಿಯಲ್ಲಿ ಏನಿದೆ ನೋಡಿ. ಬೂದು ಬಣ್ಣದ ಗಟ್ಟಿ ಸಿಮೆಂಟ್ ಇದ್ದರೆ ಇಪ್ಪತ್ತನೇ ಶತಮಾನದ ಕೆಲಸ ಅಥವಾ ರಿಪೇರಿ. ಬಿಳಿ, ಸ್ವಲ್ಪ ಪುಡಿಯಾದ ಗಾರೆ ಇದ್ದರೆ ಸುಣ್ಣದ್ದು. ನಮ್ಮ ಕರಾವಳಿಯಲ್ಲಿ ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಸರಿಯಾಗಿ ಬೇಯದ ಚಿಪ್ಪಿನ ಚೂರು ಗಾರೆಯಲ್ಲಿ ಉಳಿದಿರುವುದೂ ಉಂಟು. ಕಣ್ಣಿನಲ್ಲೇ ನೋಡಿ, ಉಗುರಿನಲ್ಲಿ ಕೆರೆಯಬೇಡಿ.

ಹಂಚಿನ ಚೂರು ಎಲ್ಲಾದರೂ ಕಂಡರೆ ಆಕಾರ ಗಮನಿಸಿ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಒಂದಕ್ಕೊಂದು ಸಿಕ್ಕಿಕೊಳ್ಳುವ, ಮೇಲೆ ಕಾರ್ಖಾನೆಯ ಅಚ್ಚು ಇರುವ ಮಂಗಳೂರು ಹಂಚು ಅಂದರೆ ಅದು ಅಲ್ಲಿಗೆ ಬಂದದ್ದು 1865ರ ನಂತರವೇ, ಟಿಪ್ಪು ಕಾಲದ್ದಾಗಲು ಸಾಧ್ಯವೇ ಇಲ್ಲ. ಉತ್ಖನನ ಮಾಡುವವರೂ ಹೀಗೇ ಯೋಚಿಸುತ್ತಾರೆ. ಒಂದು ಪದರದಲ್ಲಿ ಇಸವಿ ಗೊತ್ತಿರುವ ಒಂದು ವಸ್ತು ಸಿಕ್ಕಿದರೆ, ಆ ಪದರ ಅದಕ್ಕಿಂತ ಹಳೆಯದಾಗಿರಲು ಆಗುವುದಿಲ್ಲ.

ಎರಡು ಗೋಡೆ ಸೇರುವ ಮೂಲೆಯೂ ಬಹಳ ಹೇಳುತ್ತದೆ. ಕಲ್ಲುಗಳು ಬೆರಳು ಹೆಣೆದ ಹಾಗೆ ಒಂದರೊಳಗೊಂದು ಸೇರಿದ್ದರೆ ಎರಡೂ ಒಟ್ಟಿಗೆ ಕಟ್ಟಿದವು. ನೇರ ಸಂದು ಬಿಟ್ಟು ಒಂದು ಇನ್ನೊಂದಕ್ಕೆ ಒರಗಿಕೊಂಡಿದ್ದರೆ ಒರಗಿದ್ದು ಆಮೇಲಿನದು. ಕಲ್ಲಿನ ಜಾತಿಯನ್ನೂ ಬರೆದುಕೊಳ್ಳಿ. ಗ್ರಾನೈಟ್ ಬೆಟ್ಟದಲ್ಲೇ ಸಿಗುತ್ತದೆ. ಮುರಕಲ್ಲು (ಕೆಂಪು ಕಲ್ಲು) ಕಂಡರೆ ಅದನ್ನು ಯಾರೋ ಕೆಳಗಿನಿಂದ ಹೊತ್ತು ತಂದಿದ್ದಾರೆ. ಅಷ್ಟು ಮೆಟ್ಟಿಲು ಹತ್ತಿ ತರುವಷ್ಟು ಅಗತ್ಯ ಏನಿತ್ತು ಅನ್ನುವುದು ಮುಂದಿನ ಪ್ರಶ್ನೆ.

ಮುಟ್ಟಬಾರದ್ದು, ತರಬಾರದ್ದು

ಬಂಡೆಯ ಮೇಲೆ ಪೇಂಟಿನಲ್ಲಿ, ಚೂಪು ಕಲ್ಲಿನಲ್ಲಿ ಹೆಸರು ಬರೆದಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಉಳಿ ಗುರುತಿನ ಮೇಲೆ ಗೀಚಿದರೆ ಕೆಳಗಿನದು ಹೋದ ಹಾಗೆಯೇ. ಅದನ್ನು ಮತ್ತೆ ತರಲು ಯಾವ ಇಲಾಖೆಯಿಂದಲೂ ಆಗುವುದಿಲ್ಲ. ಅಕ್ಷರದ ಹಾಗೆ ಏನಾದರೂ ಕಂಡರೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಯಾವುದನ್ನೂ ಉಜ್ಜಬೇಡಿ. ಓರೆ ಬೆಳಕಿನಲ್ಲಿ ಫೋಟೋ ತೆಗೆಯಿರಿ, ಸಾಕು.

ನಾಣ್ಯ, ಗುಂಡು, ಮಡಕೆ ಚೂರು ಏನೇ ಕಂಡರೂ ಎತ್ತಬೇಡಿ. ಪುರಾತತ್ವದಲ್ಲಿ ವಸ್ತುವಿಗಿಂತ ಅದು ಬಿದ್ದಿದ್ದ ಜಾಗ ದೊಡ್ಡದು. ಗೋಡೆಯ ಬುಡದಲ್ಲಿ ಸಿಕ್ಕಿದ ಗುಂಡು ಒಂದು ಯುದ್ಧದ ಸಾಕ್ಷಿ. ಅದೇ ಗುಂಡು ನಿಮ್ಮ ಶೋಕೇಸಿನಲ್ಲಿ ಬರೀ ಕಬ್ಬಿಣ. ನಿಮ್ಮ ಹತ್ತು ರೂಪಾಯಿಯ ನಾಣ್ಯ ಪಕ್ಕದಲ್ಲಿಟ್ಟು ಒಂದು ಹತ್ತಿರದ ಫೋಟೋ, ಸುತ್ತಲಿನ ಜಾಗ ಕಾಣುವ ಹಾಗೆ ಒಂದು ದೂರದ ಫೋಟೋ ತೆಗೆಯಿರಿ. ಮೊಬೈಲಿನಲ್ಲಿ ಲೊಕೇಶನ್ ಆನ್ ಇರಲಿ. ಇಳಿದ ಮೇಲೆ ಅರಣ್ಯ ಸಿಬ್ಬಂದಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಸಾಮಾಜಿಕ ಜಾಲತಾಣದಲ್ಲಿ ಜಾಗದ ಗುರುತು ಹಾಕಲು ಹೋಗಬೇಡಿ. ನಿಧಿ ಹುಡುಕುವವರು ಅದನ್ನೇ ಕಾಯುತ್ತಿರುತ್ತಾರೆ. ನಿಧಿ ಆಸೆಗೆ ಅಗೆದ ಒಂದು ಗುಂಡಿಯಿಂದ ನೂರಾರು ವರ್ಷದ ಪದರ ಒಂದೇ ರಾತ್ರಿಯಲ್ಲಿ ಕಲಸಿಹೋಗುತ್ತದೆ.

ಕಾನೂನೂ ಇದೆ. ಕೇಂದ್ರ ಸರ್ಕಾರ ಸಂರಕ್ಷಿತ ಅಂತ ಘೋಷಿಸಿದ ಸ್ಮಾರಕಗಳಿಗೆ ಹಾನಿ ಮಾಡಿದರೆ 1958ರ ಕಾಯ್ದೆ, ಅದಕ್ಕೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ವನ್ಯಜೀವಿ ಪ್ರದೇಶದಿಂದ ಗಿಡವನ್ನಾಗಲಿ ಕಲ್ಲನ್ನಾಗಲಿ ತರಬಾರದು ಅನ್ನುವುದು ಬೇರೆ.

ಇಳಿಯುವಾಗ, ಇಳಿದ ಮೇಲೆ

ಮಂಡಿ ನೋವಾಗುವುದು ಇಳಿಯುವಾಗ. ಅವಸರ ಬೇಡ. ಒಂದು ಕೋಲು ಇದ್ದರೆ ಒಳ್ಳೆಯದು. ಕಡಿದಾದ ಕಡೆ ಓರೆಯಾಗಿ ಕಾಲಿಡಿ, ಸೆಲ್ಫಿ ತೆಗೆಯುತ್ತಾ ಇಳಿಯಬೇಡಿ. ಬೆಳಗ್ಗೆ ನೆರಳಿನಲ್ಲಿದ್ದ ಕೆಲವು ಕಲ್ಲುಗಳ ಮೇಲೆ ಈಗ ಬಿಸಿಲು ಬಿದ್ದಿರುತ್ತದೆ. ಹತ್ತುವಾಗ ತಪ್ಪಿದ ಗುರುತು ಇಳಿಯುವಾಗ ಸಿಗಬಹುದು, ಒಂದು ಕಣ್ಣು ಇಟ್ಟಿರಿ. ನೀರಿನ ಬಾಟಲಿ, ತಿಂಡಿಯ ಕವರು ಎಲ್ಲ ವಾಪಸ್ ಬರಬೇಕು. ಬೇರೆಯವರು ಬಿಟ್ಟದ್ದು ನಾಲ್ಕು ಹೆಕ್ಕಿ ತಂದರೆ ಇನ್ನೂ ಒಳ್ಳೆಯದು.

ಕೆಳಗೆ ಬಂದು ಒಂದು ಬೊಂಡ (ಎಳನೀರು) ಕುಡಿದು ಸುಧಾರಿಸಿಕೊಂಡರೆ ದಿನದಲ್ಲಿ ಇನ್ನೂ ಅರ್ಧ ಉಳಿದಿರುತ್ತದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಅಲ್ಲಿಂದ ದೂರ ಇಲ್ಲ. ಹಳೆಯ ಕಾಲದ ವಸ್ತುಗಳನ್ನು ಹತ್ತಿರದಿಂದ ನೋಡಲು ಅದು ಒಳ್ಳೆಯ ಜಾಗ. ಅಂದು ಆಗದಿದ್ದರೆ ಇನ್ನೊಂದು ದಿನ ಮಂಗಳೂರಿನ ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ಹೋಗಿ. ಕೋಟೆಗಿಂತ ಬಹಳ ಹಿಂದಿನ ಕಾಲ ನೋಡುವ ಆಸೆ ಇದ್ದವರಿಗೆ ಮೂಡುಬಿದಿರೆ ಹತ್ತಿರದ ಮೂಡುಕೊಣಾಜೆಯ ಗುಡ್ಡದಲ್ಲಿ ಬೃಹತ್ ಶಿಲಾಯುಗದ ಕಲ್ಮನೆ ಸಮಾಧಿಗಳಿವೆ. ಅವುಗಳದ್ದೇ ಬೇರೆ ಕಥೆ.

ಬರೆದುಕೊಂಡ ನೋಟನ್ನು ಅದೇ ರಾತ್ರಿ ಸರಿಯಾಗಿ ಬರೆದಿಡಿ. ಯಾವ ಫೋಟೋ ಎಲ್ಲಿಯದು, ಯಾವ ಕಡೆಗೆ ಮುಖ ಮಾಡಿ ತೆಗೆದದ್ದು, ಮೆಟ್ಟಿಲಿನ ಅಳತೆ ಎಷ್ಟು, ದಿನಾಂಕ ಏನು. ಮುಂದಿನ ವರ್ಷ ಹೋದಾಗ ಅದೇ ಜಾಗದಲ್ಲಿ ನಿಂತು ಅದೇ ಗೋಡೆಯ ಫೋಟೋ ಮತ್ತೊಮ್ಮೆ ತೆಗೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟಾಗ ಒಂದು ಕಲ್ಲು ಜಾರಿದ್ದೋ, ಅಶ್ವತ್ಥದ ಬೇರು ಸಂದಿಗೆ ಇಳಿದದ್ದೋ ಕಂಡರೆ ಇಲಾಖೆಗೆ ಒಂದು ಅರ್ಜಿ ಬರೆದು, ಎರಡೂ ಫೋಟೋ ಲಗತ್ತಿಸಿ ಕಳಿಸಿ.